ಸ್ಪ್ರಿಂಗ್ ಅದುಮುವ ಹಲಗೆ

ಫಿಟ್ಟರ್ ಹತ್ತಿರ ರಿಪೇರಿಗೆ ಬರುತ್ತಿದ್ದದ್ದು ಹಳೇ ಏರ್‌ಗನ್‌ಗಳು ಮಾತ್ರ. ಮೆಣಸಿನ ಕಾಳಿನಷ್ಟು ಗುಂಡು ಹಾರಿಸುವ, ಬಲೂನು ಒಡೆಯುವುದಕ್ಕಷ್ಟೇ ಲಾಯಕ್ಕಾದ ಬಂದೂಕುಗಳು. ಅವನ್ನು ಮಾಡಿದ ಕಂಪನಿಗಳು ಕಣ್ಣು ಮುಚ್ಚಿ ಯಾವ ಕಾಲವಾಯಿತೋ. ಹೀಗಾಗಿ ಬಿಡಿಭಾಗಗಳ ಜೊತೆಗೆ ಅವನ್ನು ಕೂರಿಸುವ ಹತಾರಗಳನ್ನೂ ಫಿಟ್ಟರ್ ತಾನೇ ಮಾಡಿಕೊಳ್ಳುತ್ತಿದ್ದ. ಸೈಕಲ್ ಕಡ್ಡಿ ಬಾಗಿಸಿದರೆ ಕೊಕ್ಕೆಯಾಯಿತು. ನೀರಿನ ಪೈಪಿನ ತುಂಡಿನ ಬಾಯಿಯನ್ನು ಉಜ್ಜಿ ಹರಿತ ಮಾಡಿದರೆ ವಾಷರ್ ಕತ್ತರಿಸುವ ಅಚ್ಚಾಯಿತು. ವಾಷರಿನ ಚರ್ಮಕ್ಕೆ ಹರಿದ ಬೂಟು ಇದ್ದೇ ಇತ್ತು.

ಸ್ಪ್ರಿಂಗ್ ಅದುಮುವುದಕ್ಕೆ ಮಾತ್ರ ಅವನು ಏನೂ ಮಾಡಿಕೊಂಡಿರಲಿಲ್ಲ. ಹೆಂಡತಿ ಇದ್ದಳಲ್ಲ. ಮೊಳದುದ್ದದ ಸ್ಪ್ರಿಂಗನ್ನು ನಳಿಗೆಯೊಳಗೆ ಗೇಣುದ್ದಕ್ಕೆ ಇಳಿಸಿ, ಅಲ್ಲಾಡದಂತೆ ಹಿಡಿದಿದ್ದರೆ ತಾನೆ ಅಡ್ಡ ಪಿನ್ನು ಹೊಡೆಯಲು ಸಾಧ್ಯ? ಅವಳು ಮರದ ಗೂಟ ಇಟ್ಟು ಮೈಭಾರವನ್ನೆಲ್ಲ ಅದರ ಮೇಲೆ ಹಾಕುತ್ತಿದ್ದಳು. "ಬೇಗ ಹೊಡೀರೀ, ನನ್ನ ಜೀವ ಹೋಗ್ತಿದೆ," ಎಂದು ನಗುತ್ತಲೇ ಬೈಯುತ್ತಿದ್ದಳು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಗೂಟ ಜಾರಿತು. ಸ್ಪ್ರಿಂಗ್ ಚಿಮ್ಮಿ ಅವಳ ತೋರುಬೆರಳಿಗೆ ಬಡಿಯಿತು. ಪಿನ್ನು ಠಣ್ಣನೆ ನೆಲಕ್ಕೆ ಬಿದ್ದು ಬೀರುವಿನಡಿಗೆ ಉರುಳಿತು. ಫಿಟ್ಟರ್ ಮಂಡಿಯೂರಿ ಬೀರುವಿನಡಿ ಕೈ ಹಾಕಿದ. "ಎಲ್ಲಿ ಹೋಯ್ತು ನೋಡೇ," ಎಂದ. ಪಿನ್ನು ಸಿಕ್ಕಿ ಅವನು ಏಳುವಷ್ಟರಲ್ಲಿ ಅವಳು ಕೈಗೆ ಟವೆಲು ಸುತ್ತಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತಿದ್ದಳು. ಟವೆಲು ಕೆಂಪಾಗಿತ್ತು.

ಆಸ್ಪತ್ರೆಗೆ ಇಬ್ಬರೂ ಹೋದರು. ಅವಳು ಜಗಳ ಆಡಲಿಲ್ಲ, ಅಳಲೂ ಇಲ್ಲ. ಪಟ್ಟಿ ಬಿಚ್ಚಿದ ಮೇಲೆ, "ಒಂದು ವಾರ ಅಕ್ಕನ ಮನೇಲಿ ಇದ್ದು ಬರ್ತೀನಿ," ಎಂದು ಹೊರಟಳು. ಆ ವಾರ ಇನ್ನೂ ಮುಗಿದಿರಲಿಲ್ಲ.

ಅವಳು ಹೋದ ಮೇಲೆ ಫಿಟ್ಟರ್ ಬಂದ ಕೆಲಸವನ್ನೆಲ್ಲ ವಾಪಸು ಕಳಿಸತೊಡಗಿದ. ಆದರೆ ಜಾತ್ರೆಯಲ್ಲಿ ಬಲೂನಿಗೆ ಗುರಿಯಿಡಿಸುವ ಅಂಗಡಿಯ ಹೆಂಗಸು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. "ನನ್ನ ಹತ್ರ ಇರೋದು ಇದೊಂದೇ ಗನ್ನು. ಇದು ಮಲಗಿದ್ರೆ ನಾನೂ ಮಲಗಬೇಕಷ್ಟೆ," ಎಂದು ಮೇಜಿನ ಮೇಲೆ ಇಟ್ಟೇ ಹೋದಳು.

ಬಿಚ್ಚಿದ್ದೇನೋ ಆಯಿತು. ಮುರಿದ ಸ್ಪ್ರಿಂಗಿನ ಜಾಗಕ್ಕೆ ಬೇರೊಂದನ್ನು ಕೂರಿಸಬೇಕಿತ್ತು. ಎದೆಗೆ ಒತ್ತಿಕೊಂಡು ನೋಡಿದ, ಗೋಡೆಗೆ ಆನಿಸಿ ನೋಡಿದ. ಮೂರನೇ ಸಲ ಅದು ಸಿಡಿದು ಚಾವಣಿಯ ಗಾರೆ ಉದುರಿಸಿತು. "ನೋಡ್ದೇನೇ?" ಎಂದು ತಿರುಗಿದ. ಅಡುಗೆಮನೆ ಬಾಗಿಲು ಹಾಕಿತ್ತು.

ಮರುದಿನ ಗುಜರಿ ಅಂಗಡಿಯಲ್ಲಿ ಕಾಲು ಮುರಿದ ತಿರುಗುವ ಸ್ಟೂಲೊಂದು ಸಿಕ್ಕಿತು. ಅದರ ದಪ್ಪ ತಿರುಪು ಕಂಬಿಯನ್ನೂ ನಟ್ಟನ್ನೂ ಬಿಚ್ಚಿದ. ಮಂಚದ ಹಲಗೆಯ ಎರಡು ತುದಿಗೂ ಕಬ್ಬಿಣದ ಪಟ್ಟಿ ನಿಲ್ಲಿಸಿ, ಒಂದರಲ್ಲಿ ಆ ನಟ್ಟು ಕೂರಿಸಿದ. ಕಂಬಿಯ ಮೂತಿಗೆ ಪೈಪಿನ ತುಂಡು ಸಿಕ್ಕಿಸಿ, ಪಿನ್ನು ತೂರಲು ಅದರ ಪಕ್ಕದಲ್ಲಿ ಸೀಳು ಬಿಟ್ಟ. ಬಂದೂಕನ್ನು ಹಲಗೆಗೆ ಕಟ್ಟಿ, ಕಂಬಿಯ ಇನ್ನೊಂದು ತುದಿಗೆ ಹಿಡಿ ಹಾಕಿ ತಿರುಗಿಸಿದ. ಸ್ಪ್ರಿಂಗ್ ತುಟಿಪಿಟಕ್ಕೆನ್ನದೆ ಒಳಗಿಳಿದು ನಿಂತಿತು. ಪಿನ್ನನ್ನು ಬೆರಳಿನಿಂದಲೇ ತೂರಿಸಿದ. ಬೇಕಿದ್ದರೆ ನಡುವೆ ಎದ್ದು ಹೋಗಿ ನೀರು ಕುಡಿದು ಬರಬಹುದಿತ್ತು.

ಅಷ್ಟಕ್ಕೆಲ್ಲ ಹಿಡಿದದ್ದು ಎರಡು ಗಂಟೆ. ಇಪ್ಪತ್ತಾರು ವರ್ಷದಲ್ಲಿ ಯಾವ ಮಧ್ಯಾಹ್ನ ಬೇಕಾದರೂ ಮಾಡಬಹುದಿತ್ತು. ಫಿಟ್ಟರ್ ಕೈ ಒರೆಸಿಕೊಳ್ಳದೆಯೇ ಹೆಂಡತಿಗೆ ಫೋನ್ ಮಾಡಿದ.

"ಸ್ಪ್ರಿಂಗ್ ಅದುಮೋಕೆ ಒಂದು ಹತಾರ ಮಾಡ್ದೆ ಕಣೇ. ಒಬ್ಬನೇ ಕೂರಿಸಬಹುದು."

"ಒಳ್ಳೇದಾಯ್ತು ಬಿಡಿ," ಎಂದಳು. "ಇನ್ನು ನನ್ನ ಕೈ ಬೇಕಾಗಿಲ್ಲ ಅನ್ನಿ."

"ಅಯ್ಯೋ, ಅದಕ್ಕಲ್ಲ ಹೇಳಿದ್ದು..." ಮೇಜಿನ ಮೇಲಿದ್ದ ಮುರಿದ ಸ್ಪ್ರಿಂಗನ್ನು ಪಕ್ಕಕ್ಕೆ ಸರಿಸಿದ. "ಅವತ್ತು ನಾನು ಮೊದಲು ನಿನ್ನ ಕೈ ನೋಡಬೇಕಿತ್ತು."

"ಹೂಂ," ಎಂದಳು ಅವಳು. "ನೋಡಬೇಕಿತ್ತು."

"ಈಗ ನೋವಿದೆಯಾ?"

"ನೋವಿಲ್ಲ. ಮಡಿಸೋಕೆ ಬರಲ್ಲ."

"ಬಾರೇ ಮನೆಗೆ."

"ಇಲ್ಲ ಕಣ್ರೀ. ಇಲ್ಲಿ ನನಗೆ ಅಭ್ಯಾಸ ಆಗಿದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. "ಭಾನುವಾರ ಬೇಕಾದ್ರೆ ಫೋನ್ ಮಾಡಿ. ಅಕ್ಕ ಹೊರಗೆ ಹೋಗಿರ್ತಾಳೆ."

ಫಿಟ್ಟರ್ ಭಾನುವಾರ ಮಾಡಿದ. ಆಮೇಲಿನ ಭಾನುವಾರವೂ ಮಾಡಿದ. ಏನು ಅಡುಗೆ, ನಲ್ಲಿಯಲ್ಲಿ ನೀರು ಬಂತಾ ಎಂದು ಅವಳು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ಮನೆಗೆ ಬರುವ ಮಾತನ್ನು ಅವಳು ಎತ್ತಲಿಲ್ಲ, ಅವನೂ ಮತ್ತೆ ಕೇಳಲಿಲ್ಲ. ಉಳಿದ ಆರು ದಿನ ಆ ಮನೆಯಲ್ಲಿ ಕೇಳುತ್ತಿದ್ದದ್ದು ಕಬ್ಬಿಣ ಉಜ್ಜುವ ಅರದ ಸದ್ದೊಂದೇ.