ಎರಡು ಗಂಟೆಯ ಸೂಜಿ

ಏಳು ಕೆರೆಗಳ ಆಚೆಗೊಂದು ಊರು, ಆ ಊರಿನ ದೊರೆಗೆ ಒಬ್ಬಳೇ ಮಗಳು. ಯಾರದೋ ಶಾಪ ತಟ್ಟಿ ಅವಳು ಕಾಲ ಹೆಬ್ಬೆರಳಿನಿಂದ ಕಲ್ಲಾಗುತ್ತ ಬಂದಳಂತೆ. ಕಲ್ಲು ಎಲ್ಲಿಯವರೆಗೆ ಏರಿತೆಂದು ತಿಳಿಯಲು ದಾಸಿಯೊಬ್ಬಳು ಜಾವಕ್ಕೊಮ್ಮೆ ಅವಳ ಕಾಲು ತಟ್ಟಿ ನೋಡಬೇಕು. ಒಂದು ಜಾವ ದಾಸಿಗೆ ಮಂಪರು ಹತ್ತಿತು...

ನರ್ಸ್ ರುದ್ರಾಣಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಗಡಿಯಾರ ನೋಡಿದಳು. ಎರಡಕ್ಕೆ ಐದು ನಿಮಿಷ. ಮಂಚದ ಮೇಲೆ ಸಾವಂತ್ರಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ಬೆಳಿಗ್ಗೆ ಹೂಂಗುಡುತ್ತಿದ್ದವಳು ಈಗ ಅದನ್ನೂ ಬಿಟ್ಟಿದ್ದಳು. ನಿದ್ದೆ ಹತ್ತಿರಬೇಕು ಎಂದುಕೊಂಡು ರುದ್ರಾಣಿ ದೊಡ್ಡ ಸಿರಿಂಜಿಗೆ ಔಷಧ ಎಳೆದಿಟ್ಟಳು.

ಹೊನ್ನಾಳಿಯ ಆ ಪುಟ್ಟ ಹೆರಿಗೆ ಮನೆಗೆ ಸಾವಂತ್ರಮ್ಮನನ್ನು ಎತ್ತಿನ ಗಾಡಿಯಲ್ಲಿ ತಂದದ್ದು ಹಿಂದಿನ ದಿನ ಬೆಳಿಗ್ಗೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಹುಡುಗಿ. ಮುಖ, ಕಾಲು ಊದಿ, ಗಾಡಿಯಲ್ಲೇ ಎರಡು ಸಲ ಫಿಟ್ಸ್ ಬಂದಿತ್ತು. ಗಾಳಿ ಸೋಕಿದೆ ಎಂದು ಅವಳ ತಾಯಿ ಬೊಮ್ಮಕ್ಕ ಸೆರಗಿನಲ್ಲಿ ಬೂದಿ ಕಟ್ಟಿಕೊಂಡೇ ಬಂದಿದ್ದಳು. ಡಾಕ್ಟರಮ್ಮ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು ಫಿಟ್ಸ್ ನಿಲ್ಲಿಸಿ, ಮಧ್ಯಾಹ್ನ ಎರಡಕ್ಕೆ ಹೆರಿಗೆ ಮಾಡಿಸಿದ್ದರು. ಹೆಣ್ಣು ಮಗು. ಆಮೇಲೆ ಒಂದು ದಿನ ಪೂರ್ತಿ, ನಾಲ್ಕು ಗಂಟೆಗೊಂದು ಸೂಜಿ. ಇವತ್ತು ಎರಡು ಗಂಟೆಯದೇ ಕೊನೆಯದು.

ನ್ಯಾಮತಿಯ ಆಪರೇಷನ್ ಕ್ಯಾಂಪಿಗೆ ಹೊರಟ ಡಾಕ್ಟರಮ್ಮ ಜೀಪು ಹತ್ತುವ ಮುಂಚೆ ರುದ್ರಾಣಿಯನ್ನು ಹತ್ತಿರ ಕರೆದಿದ್ದರು.

"ಮೊಣಕಾಲು ಎಗರಿದ್ರೆ ಮಾತ್ರ ಸೂಜಿ. ಎಗರಿದ್ದನ್ನ ಕಣ್ಣಾರೆ ನೋಡದೆ ಆ ಸ್ಟೂಲ್ ಬಿಟ್ಟು ಏಳಬಾರದು. ನೀನು ಕನಸು ಕಾಣೋಳು, ಅದಕ್ಕೆ ಹೇಳ್ತಿದೀನಿ. ಮಾತು ಕೊಡು."

ರುದ್ರಾಣಿ ಮಾತು ಕೊಟ್ಟಿದ್ದಳು.

ಅವಳು ಸಾವಂತ್ರಮ್ಮನ ಮೊಣಕಾಲಿನ ಕೆಳಗೆ ಕೈ ಕೊಟ್ಟು ಎತ್ತಿ, ರಬ್ಬರ್ ಸುತ್ತಿಗೆಯಿಂದ ಚಿಪ್ಪಿನ ಕೆಳಗೆ ತಟ್ಟಿದಳು. ಬೆಳಿಗ್ಗೆ ಹತ್ತಕ್ಕೆ ಹೀಗೆ ತಟ್ಟಿದಾಗ ಪಾದ ಚಂಗನೆ ಎಗರಿತ್ತು. ಮಡಿಕೆ ಕೊಳ್ಳುವಾಗ ತಾವೂ ಹೀಗೇ ಬಡಿದು ನೋಡುತ್ತೇವೆ ಎಂದು ಬೊಮ್ಮಕ್ಕ ನಕ್ಕಿದ್ದಳು. ಈಗ ಪಾದ ಅಲ್ಲಾಡಲಿಲ್ಲ. ಇನ್ನೊಮ್ಮೆ ತಟ್ಟಿದಳು. ಇನ್ನೊಂದು ಕಾಲಿಗೂ ತಟ್ಟಿದಳು. ಏನೂ ಇಲ್ಲ. ಉಸಿರು ಎಣಿಸಿದಳು, ನಿಮಿಷಕ್ಕೆ ಹನ್ನೆರಡು. ಔಷಧ ಮೈಯಿಂದ ಹೊರಹೋಗುವುದು ಮೂತ್ರದಲ್ಲೇ, ಅದರ ಬಾಟಲಿಯಲ್ಲೂ ಹತ್ತು ಗಂಟೆಯಿಂದೀಚೆಗೆ ಏರಿದ್ದು ಅಷ್ಟಕ್ಕಷ್ಟೆ.

"ಬೊಮ್ಮಕ್ಕ, ಇವಳಿಗೆ ಏನಾದ್ರೂ ಕುಡಿಸಿದ್ರಾ?"

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಬೊಮ್ಮಕ್ಕನ ಮುಖ ಅರಳಿತು. "ಕುಡಿಸೀನಿ ಕಣವ್ವ. ನೀವು ಸೂಜಿ ಕುದಿಸಾಕೆ ಒಳಗೆ ಹೋಗಿದ್ರಲ್ಲ, ಆವಾಗ. ಎರಡು ಲೋಟ. ಮೈಯಾಗಿನ ಬಾವು ಇಳೀಬೇಕಲ್ಲ."

"ಏನು ಎರಡು ಲೋಟ?"

"ಅದೇ ಉಪ್ಪು. ಅಂಗಡೀಲಿ ಸಿಗೋ ಭೇದಿ ಉಪ್ಪೇ ಇದು ಅಂತ ನಿನ್ನೆ ನೀವೇ ಅಂದ್ರಲ್ರಿ. ಸೂಜೀಲಿ ಇಷ್ಟಿಷ್ಟೇ ಹಾಕಿದ್ರೆ ಯಾವಾಗ ವಾಸಿ ಆಗ್ತೈತೆ ಅಂತ ನಾನೇ ತರಿಸಿದೆ."

ನಿನ್ನೆ ಸೂಜಿ ಕಂಡು ಬೊಮ್ಮಕ್ಕ ಮಗಳ ಮೇಲೆ ಅಡ್ಡ ಬಿದ್ದಿದ್ದಳು. ಅವಳ ಹೆದರಿಕೆ ಬಿಡಿಸಲೆಂದು ರುದ್ರಾಣಿ ಹಾಗೆ ಹೇಳಿದ್ದು ನಿಜ. ಅಜ್ಜಿ ಕಥೆ ಹೇಳುವ ಧಾಟಿಯಲ್ಲೇ ಹೇಳಿದ್ದಳು. ಹೈಸ್ಕೂಲಿನಲ್ಲಿ ಮೇಷ್ಟ್ರು ಇಕ್ಕಳದಲ್ಲಿ ಹಿಡಿದು ಉರಿಸಿದ ಬೆಳ್ಳಿ ಬಣ್ಣದ ಮೆಗ್ನೀಸಿಯಂ ಪಟ್ಟಿ, ನೋಡಿದರೆ ಕಣ್ಣು ಕುಕ್ಕುವ ಆ ಬಿಳಿ ಬೆಳಕು, ಕೊನೆಗೆ ಉಳಿದ ಹಿಡಿ ಬೂದಿ. ಅದೇ ಲೋಹ ಎಲೆಯ ಹಸಿರಿನಲ್ಲೂ ಇದೆ, ನಮ್ಮ ಮೂಳೆಯಲ್ಲೂ ಇದೆ, ಈ ಉಪ್ಪಿನಲ್ಲೂ ಇದೆ ಎಂದಿದ್ದಳು. ಹೆಚ್ಚಾದರೆ ಅದು ನರಗಳನ್ನು ಮಲಗಿಸಿ, ಕೊನೆಗೆ ಉಸಿರನ್ನೂ ಮಲಗಿಸುತ್ತದೆ ಎನ್ನುವುದನ್ನು ಮಾತ್ರ ಹೇಳಿರಲಿಲ್ಲ. ಕಥೆಯ ಅಂದ ಕೆಡುತ್ತಿತ್ತು.

ಅವಳು ತುಂಬಿದ ಸಿರಿಂಜನ್ನು ಟ್ರೇಯಲ್ಲಿಟ್ಟಳು. ನ್ಯಾಮತಿಗೆ ಫೋನ್ ಹಚ್ಚಿಸಲು ಆಯಾಳನ್ನು ಪೋಸ್ಟಾಫೀಸಿಗೆ ಓಡಿಸಿದಳು. ಕೂತಲ್ಲಿಂದಲೇ ಪಕ್ಕದ ಬೀರುವಿಗೆ ಕೈ ಚಾಚಿ, ಆ ಉಪ್ಪಿಗೆ ಎದುರು ಮದ್ದಾದ ಕ್ಯಾಲ್ಸಿಯಂ ತೆಗೆದು, ತೋಳಿನ ರಕ್ತನಾಳಕ್ಕೆ ಹನಿಹನಿಯಾಗಿ ಬಿಡತೊಡಗಿದಳು. ಹತ್ತು ನಿಮಿಷ ಹಿಡಿಯಬೇಕು, ಅವಸರ ಮಾಡಿದರೆ ಎದೆಯೇ ನಿಲ್ಲಬಹುದು.

"ಸೂಜಿ ತಪ್ಪಿದ್ರೆ ಮತ್ತೆ ಫಿಟ್ಸ್ ಬರ್ತೈತೆ ಅಂದಿದ್ರು ಡಾಕ್ಟರಮ್ಮ," ಬೊಮ್ಮಕ್ಕ ಎದ್ದು ನಿಂತಿದ್ದಳು. "ಯಾಕೆ ಆ ಸೂಜಿ ಬಿಟ್ರಿ? ನಾನೇನು ಮಾಡಿದ್ನವ್ವ?"

"ನೀವಲ್ಲ. ನಾನು ಅರ್ಧ ಹೇಳಿದ್ದೆ."

ಬೊಮ್ಮಕ್ಕ ಮಗುವನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ಕೂತಳು.

ಫೋನ್ ಸಿಗಲಿಲ್ಲವೆಂದು ಆಯಾ ಬಂದು ಹೇಳಿ ಮತ್ತೆ ಓಡಿದಳು. ರುದ್ರಾಣಿ ಚಾರ್ಟಿನಲ್ಲಿ ಎರಡು ಗಂಟೆಯ ಎದುರು, ಮೊಣಕಾಲು ಎಂಬ ಮನೆಯಲ್ಲಿ 'ಇಲ್ಲ' ಎಂದು ಬರೆದಳು. ಕೆಳಗೆ, ಬಾಯಿಂದ ಉಪ್ಪು ಹೊಟ್ಟೆಗೆ ಹೋಗಿದ್ದನ್ನೂ ಅದು ಯಾರ ಮಾತಿನಿಂದ ಎಂಬುದನ್ನೂ ಬರೆದಳು. ಅದನ್ನು ಓದಿದ ಮೇಲೆ ಡಾಕ್ಟರಮ್ಮ ತನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ. ಬರೆದದ್ದನ್ನು ಹೊಡೆದುಹಾಕದೆ ಚಾರ್ಟು ಮಡಿಸಿ ಇಟ್ಟಳು.

ಮೂರು ಗಂಟೆಗೆ ತಟ್ಟಿದಳು. ಇಲ್ಲ. ಉಸಿರು ಹದಿಮೂರು. ಸಾವಂತ್ರಮ್ಮನ ಕೆನ್ನೆ ತಟ್ಟಿ, ಕಿವಿಯ ಹತ್ತಿರ ಬಾಗಿ, "ಉಸಿರು ಎಳ್ಕೊ, ಇನ್ನೊಂದು, ಹಾಂ, ಇನ್ನೊಂದು" ಎನ್ನುತ್ತ ಕೂತಳು. ಮೂರೂವರೆಗೂ ಇಲ್ಲ. ಉಸಿರು ಹದಿನಾಲ್ಕು. ನಡುವೆ ಒಮ್ಮೆ ಸಾವಂತ್ರಮ್ಮನ ತುಟಿಯ ಅಂಚು ಅದುರಿದಂತಾಗಿ, ಮತ್ತೆ ಫಿಟ್ಸ್ ಬಂತೆಂದು ರುದ್ರಾಣಿಯ ಕೈ ತಾನಾಗಿಯೇ ಟ್ರೇಯ ಕಡೆ ಹೋಯಿತು. ತುಟಿಯ ಮೇಲಿದ್ದದ್ದು ನೊಣ. ಅದನ್ನು ಓಡಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು.

ನಾಲ್ಕು ದಾಟಿದ ಮೇಲೆ ಬಾಟಲಿಯಲ್ಲಿ ಮೂತ್ರ ಎರಡು ಬೆರಳಷ್ಟು ಏರಿದ್ದು ಕಂಡಿತು. ಕಿಟಕಿಯ ಬಿಸಿಲು ಮಂಚದ ಕಾಲಿನಿಂದ ಹೊದಿಕೆಯ ಮೇಲಕ್ಕೆ ಹತ್ತಿತ್ತು.

"ಆಮೇಲೆ?"

ಯಾರೆಂದು ಮೊದಲು ತಿಳಿಯಲಿಲ್ಲ. ಸಾವಂತ್ರಮ್ಮ ಅರೆಗಣ್ಣು ತೆರೆದಿದ್ದಳು. ನಾಲಿಗೆ ತೊದಲುತ್ತಿತ್ತು. "ದಾಸಿಗೆ... ನಿದ್ದೆ ಬಂತು. ಆಮೇಲೆ?"

ಗೋಡೆಯ ಹತ್ತಿರ ಬೊಮ್ಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ರುದ್ರಾಣಿ ಹೊದಿಕೆ ಸರಿಸಿ, ಕಾಲು ಎತ್ತಿ ಹಿಡಿದು, ಸುತ್ತಿಗೆ ಬೀಸಿದಳು. ಪಾದ ತುಸುವೇ ಎಗರಿ ಮತ್ತೆ ಇಳಿಯಿತು. ಕಣ್ಣಿನ ಭ್ರಮೆ ಇರಬಹುದೆಂದು ಬೊಮ್ಮಕ್ಕನನ್ನೂ ಹತ್ತಿರ ಕರೆದು ಇನ್ನೊಮ್ಮೆ ತಟ್ಟಿದಳು. ಈ ಸಲ ಕಾಲ್ಬೆರಳ ಬೆಳ್ಳಿಯುಂಗುರ ಬಿಸಿಲಿಗೆ ಮಿಂಚಿತು.

ಚಾರ್ಟಿನಲ್ಲಿ 'ಇದೆ' ಎಂದು ಬರೆದು ರುದ್ರಾಣಿ ಸ್ಟೂಲಿನಿಂದ ಎದ್ದಳು. ಕಾಲು ಜೋಮು ಹಿಡಿದು ಮಂಚದ ಕಂಬಿ ಹಿಡಿದುಕೊಳ್ಳಬೇಕಾಯಿತು. ಟ್ರೇಯಲ್ಲಿ, ಇನ್ನು ಬೇಕಿಲ್ಲದ ಎರಡು ಗಂಟೆಯ ಸಿರಿಂಜು ಹಾಗೇ ಇತ್ತು. ಅದರ ತುದಿಯಿಂದ ಬಿದ್ದ ಹನಿಗಳು ಒಣಗಿ, ಸ್ಟೀಲಿನ ಮೇಲೆ ಬೆಳ್ಳಗೆ ಎಳೆಎಳೆಯಾಗಿ ಹರಡಿಕೊಂಡಿದ್ದವು.