ಸೀಸೆ ತೊಳೆದ ಅತ್ತೆ

ಹದಿನೆಂಟು ವರ್ಷದಿಂದ ನಾನು ಲ್ಯಾಬಿನಲ್ಲಿ ಗರ್ಭಕೋಶದ ಒಳಪದರದ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸುತ್ತಿದ್ದೇನೆ. ಊರ ಹೆಂಗಸರಿಗೆ ರಕ್ತಸ್ರಾವ ಯಾಕೆಂದು ನಮ್ಮ ಡಾಕ್ಟರಮ್ಮ ಅದನ್ನು ನೋಡಿಯೇ ಹೇಳುವುದು. ಮುಟ್ಟು ನಿಂತು ಹತ್ತು ವರ್ಷವಾಗಿದ್ದ ನನ್ನ ಅತ್ತೆ ಮಾತ್ರ ಮೂರು ತಿಂಗಳಿಂದ ರಕ್ತ ಹೋಗುತ್ತಿರುವುದನ್ನು ನನ್ನಿಂದಲೇ ಮುಚ್ಚಿಟ್ಟಿದ್ದರು. ಗೊತ್ತಾದ ದಿನ ಮನೆ ಸೂರು ಹಾರಿಹೋಗುವಂತೆ ಕೂಗಾಡಿದೆ.

ಆಸ್ಪತ್ರೆಯಲ್ಲಿ ಚೂರು ತೆಗೆದು, ಕೆಡದಂತೆ ಔಷಧಿ ನೀರಿನ ಸೀಸೆಗೆ ಹಾಕಿ, ಅದನ್ನು ಅತ್ತೆಯ ಕೈಗೇ ಕೊಟ್ಟು ನಮ್ಮ ಲ್ಯಾಬಿಗೆ ಕಳಿಸಿದರು. ಐದು ನಿಮಿಷದ ದಾರಿ. ಅತ್ತೆ ಬಂದದ್ದು ಒಂದು ಗಂಟೆಯ ಮೇಲೆ. ಸೀಸೆ ಫಳಫಳ ಹೊಳೆಯುತ್ತಿತ್ತು, ಒಳಗೆ ಬರೀ ತಿಳಿನೀರು.

"ಅತ್ತೆ, ಚೂರೆಲ್ಲಿ?"

"ಆ ನೀರು ಮೂಗು ಸುಡ್ತಿತ್ತು ಕಣೇ. ಮನೆಗೆ ಹೋಗಿ ಚೆಲ್ಲಿ, ಚೆನ್ನಾಗಿ ತೊಳೆದು, ಒಳ್ಳೇ ನೀರು ತುಂಬಿಸ್ಕೊಂಡು ಬಂದೆ. ಸಿಂಕಲ್ಲಿ ಹೋಯ್ತೇನೋ."

"ಅಯ್ಯೋ ನನ್ನ ಕರ್ಮವೇ! ಕ್ಯಾನ್ಸರ್ ಇದೆಯೋ ಇಲ್ವೋ ಅಂತ ಅದರಲ್ಲೇ ಗೊತ್ತಾಗೋದು!"

ಇಬ್ಬರೂ ಅಷ್ಟು ದಿನ ಬಾಯಿಗೆ ತರದಿದ್ದ ಮಾತು ಆಚೆ ಬಂತು. ಅತ್ತೆ ಸ್ಟೂಲಿನ ಮೇಲೆ ಕೂತರು.

"ಗೊತ್ತು ಕಣೇ, ಅದಕ್ಕೇ ತೊಳೆದಿದ್ದು. ಅಂಥದ್ದು ಇದ್ರೆ ಪಾಪ, ನೀನೇ ಕೊಯ್ಯಬೇಕಲ್ಲ."

ನನಗೆ ಕೋಪ ನೆತ್ತಿಗೇರಿತು, ಅಳುವೂ ಬಂತು. ಎರಡನ್ನೂ ಒಟ್ಟಿಗೇ ಮಾಡಿದೆ.

"ಮನೆಯವರದ್ದನ್ನ ನಾನು ಮುಟ್ಟೋ ಹಾಗಿಲ್ಲ ಅತ್ತೆ! ಪಕ್ಕದ ಮೇಜಿನವಳು ಮಾಡ್ತಾಳೆ."

"ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?" ಎಂದು ನನಗೇ ಗದರಿದರು.

ಮರುವಾರ ಮತ್ತೆ ಆಸ್ಪತ್ರೆ, ಮತ್ತೆ ಅದೇ ನೋವು. ಈ ಸಲ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದುಕೊಂಡು ನೆಟ್ಟಗೆ ಲ್ಯಾಬಿಗೇ ಬಂದರು. ಆಮೇಲಿನ ನಾಲ್ಕು ದಿನ ನಾನು ಕೊಯ್ದ ಒಂದು ಚೂರೂ ಸರಿಬರಲಿಲ್ಲ.

ಐದನೆಯ ದಿನ ಅತ್ತೆ ಲ್ಯಾಬಿಗೆ ಬಂದು ಕಾಯುತ್ತಿದ್ದಾಗ ಡಾಕ್ಟರಮ್ಮ ತಾವೇ ಹೊರಗೆ ಬಂದರು. "ಕ್ಯಾನ್ಸರ್ ಅಲ್ಲಮ್ಮ. ಸಣ್ಣ ಗಂಟು, ತೆಗೆದರೆ ಮುಗೀತು."

"ನಿಜ ಹೇಳಿ, ನಮ್ಮ ಸೊಸೆಗೆ ಹೆದರಿಕೊಂಡು ಹೇಳ್ತಿಲ್ಲ ತಾನೇ?"

"ನಿಮ್ಮ ಸೊಸೆಗೆ ನಾನೂ ಹೆದರ್ತೀನಿ. ಆದ್ರೆ ಇದು ನಿಜ."

ಲ್ಯಾಬಿಗೆ ಲ್ಯಾಬೇ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡರು.

"ಸತ್ತೇ ಹೋಗ್ತೀನಿ ಅಂದ್ಕೊಂಡಿದ್ದೆ ಕಣೇ. ಮೂರು ತಿಂಗಳು ನಿದ್ದೆ ಮಾಡಿಲ್ಲ."

ನಾನು ಅರ್ಧ ದಿನ ರಜೆ ಹಾಕಿ, ಅತ್ತೆಯನ್ನು ಮನೆಗೆ ಕರೆದುಕೊಂಡು ಹೋಗಿ ಮಲಗಿಸಿದೆ.