ಹಳದಿ ಬಿಲ್ಲೆ

ಮೊಳೆಯಲ್ಲಿ ಬಿಲ್ಲೆ ಇರಲಿಲ್ಲ.

ಅವಳು ಎರಡೂ ಮಂಡಿಗಳನ್ನು ಒತ್ತಿ ಹಿಡಿದು, ಕೈಗೆ ಬಂದ ಕಾಲುಚೀಲವನ್ನು ಮೇಜಿನ ಮೇಲೆ ಹಾಸಿ, ರಾಶಿಯೊಳಗೆ ಅದರ ಜೊತೆಯನ್ನು ಹುಡುಕಿದಳು. ಹಿಮ್ಮಡಿಯ ಮೇಲೆ ಹಿಮ್ಮಡಿ, ತುದಿಯ ಮೇಲೆ ತುದಿ, ಅಂಚಿನ ಮೇಲೆ ಅಂಚು ಕೂರಬೇಕು. ಕೂತರೆ ಜೋಡಿ, ಇಲ್ಲದಿದ್ದರೆ ಮತ್ತೆ ರಾಶಿಗೆ. ಕಾರ್ಖಾನೆಯಲ್ಲಿ ಕಾಲಿನಾಕಾರದ ಬಿಸಿ ತಗಡುಗಳ ಮೇಲೆ ಇಸ್ತ್ರಿಯಾಗಿ ಬರುವ ಕಾಲುಚೀಲಗಳಿಗೆಲ್ಲ ಹೀಗೆ ಜೊತೆ ಹುಡುಕಿ ಕೊಡುವುದು ಅವಳ ಕೆಲಸ. ಮಗಳಿಗೆ ಗಂಡು ಹುಡುಕುವವರೂ ಇಷ್ಟು ಅಳೆದು ನೋಡಲ್ಲ ಎಂದು ಪಕ್ಕದ ಮೇಜಿನವಳು ನಗಿಸುತ್ತಿದ್ದಳು. ಬಾಯಿಗೆ ಬಿಡುವೇ ಕೊಡದ ಈ ಪಕ್ಕದವಳಿಗೆ ಲೈನಿನಲ್ಲಿ ರೇಡಿಯೋ ಎಂದು ಹೆಸರು.

ಈಗ ಬಿಲ್ಲೆ ರೇಡಿಯೋಳ ಕೊರಳಲ್ಲಿತ್ತು. ಅಂಗೈಯಗಲದ ಹಳದಿ ಪ್ಲಾಸ್ಟಿಕ್ ಬಿಲ್ಲೆ, ಅದಕ್ಕೊಂದು ಕೊಳಕು ದಾರ. ಶೌಚಾಲಯಕ್ಕೆ ಹೋಗುವವಳು ಸೂಪರ್‌ವೈಸರನ ಹಿಂದಿನ ಕಂಬದಿಂದ ಅದನ್ನು ತೆಗೆದು ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದು ಮೊಳೆಗೆ ಸಿಕ್ಕಿಸಬೇಕು. ಒಂದು ಲೈನು, ನಲವತ್ತು ಹೆಂಗಸರು, ಒಂದೇ ಬಿಲ್ಲೆ. ಯಂತ್ರ ಬಿಸಿಯೇರಿದರೆ ತಕ್ಷಣ ನಿಲ್ಲಿಸಿ ಎಣ್ಣೆ ಬಿಡುತ್ತಿದ್ದರು. ಯಂತ್ರಕ್ಕೆ ಬಿಲ್ಲೆ ಬೇಕಿರಲಿಲ್ಲ.

ರೇಡಿಯೋ ಬಂದಳು. ಬಿಲ್ಲೆಯನ್ನು ಮೊಳೆಗೆ ಹಾಕದೆ ನೇರವಾಗಿ ಅವಳ ಕೈಗೇ ಕೊಟ್ಟಳು.

"ತಗೋ ಬಿಲ್ಲೆಯಕ್ಕ, ನಿನ್ನ ಆಸ್ತಿ. ಹೇಗೂ ನಿನ್ನ ಹೆಸರಿಗೇ ಬರೆದಿದೆ."

ಸುತ್ತಲಿನವರು ನಕ್ಕರು. ಆ ನಗುವಿನಲ್ಲಿ ಸ್ವಲ್ಪ ಮುಳ್ಳಿತ್ತು. ಅವಳು ಪದೇ ಪದೇ ಎದ್ದು ಹೋದಷ್ಟೂ ಉಳಿದವರು ಹೊಟ್ಟೆ ಬಿಗಿಹಿಡಿದು ಕಾಯಬೇಕು, ಜೊತೆಗೆ ಲೈನಿನ ಟಾರ್ಗೆಟ್ಟೂ ಹಿಂದೆ ಬೀಳುತ್ತದೆ. ಯಾರನ್ನು ಬೈಯಬೇಕೆಂದು ಗೊತ್ತಿದ್ದರೂ ಬೈಯಲಾಗದವರು, ಕೈಗೆಟುಕುವವರನ್ನು ಬೈಯುತ್ತಾರೆ. ಅವಳು ಕೈಗೆಟುಕುವಷ್ಟು ಹತ್ತಿರದಲ್ಲಿದ್ದಳು.

ವಾಪಸ್ಸು ಬಂದಾಗ ಸೂಪರ್‌ವೈಸರ್ ಅವಳ ಮೇಜಿನ ಬಳಿ ನಿಂತಿದ್ದ. ಕೈಯಲ್ಲಿ ಒಂದು ಜೋಡಿ. "ಇದನ್ನ ಓದು."

"ಇದರಲ್ಲಿ ಓದೋದೇನಿದೆ ಸರ್?"

"ಬಣ್ಣ ಓದು."

ಅವಳು ಬೆಳಕಿಗೆ ಹಿಡಿದಳು. "ಕಪ್ಪು."

"ಒಂದು ಕಪ್ಪು. ಇನ್ನೊಂದು ಕಡು ನೀಲಿ. ಈ ವಾರ ಪ್ಯಾಕಿಂಗಿಂದ ಡಬ್ಬದ ಮೇಲೆ ಡಬ್ಬ ವಾಪಸ್ಸು ಬರ್ತಿದೆ, ಎಲ್ಲಾ ನಿನ್ನವೇ. ಕೂತರೆ ಕಣ್ಣು ಕಾಣಲ್ಲ, ಎದ್ದರೆ ಬಿಲ್ಲೆ ಬಿಡಲ್ಲ. ನೀರು ಕಮ್ಮಿ ಕುಡಿ. ಸೋಮಾರಿತನಕ್ಕೆ ನನ್ನ ಹತ್ರ ಮದ್ದಿಲ್ಲ."

ಬಾಯೊಳಗೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ನೀರು ಕಮ್ಮಿ ಕುಡಿ ಎಂದು ಅವನು ಹೇಳುವ ಮೊದಲೇ ಅವಳು ಕೆಲಸದ ಹೊತ್ತಿನಲ್ಲಿ ಕುಡಿಯುವುದನ್ನೇ ಬಿಟ್ಟಿದ್ದಳು. ಮನೆಯಿಂದ ತುಂಬಿಸಿ ತಂದ ಬಾಟಲಿಯನ್ನು ಊಟದ ತನಕ ಮುಟ್ಟುತ್ತಿರಲಿಲ್ಲ. ಆದರೂ ಮೈ ಎಲ್ಲಿಂದಲೋ ನೀರು ಹಿಂಡಿ ತೆಗೆದು ಅವಳನ್ನು ಎಬ್ಬಿಸುತ್ತಿತ್ತು. ಏಪ್ರನ್ನಿನ ದಾರವನ್ನು ಮೊದಲು ಸೊಂಟಕ್ಕೆ ಒಂದು ಸುತ್ತು ಕಟ್ಟುತ್ತಿದ್ದಳು, ಈಗ ಎರಡು ಸುತ್ತು ಬರುತ್ತಿತ್ತು. ಮೂರು ಜನರ ಊಟ ಮಾಡಿದರೂ ಮೂಳೆ ಎದ್ದು ಕಾಣುತ್ತಿತ್ತು. ಎಂದೋ ನೂಲು ಕೊಯ್ದ ಹೆಬ್ಬೆರಳಿನ ಗಾಯ ಇನ್ನೂ ಬಾಯಿ ತೆರೆದುಕೊಂಡೇ ಇತ್ತು.

ಆ ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಯ ನಲ್ಲಿಗೆ ಚೊಂಬು ಒಡ್ಡಿದಳು. ಕುಡಿದಳು. ಮತ್ತೆ ಒಡ್ಡಿದಳು. ಗಲ್ಲದಿಂದ ಇಳಿದ ನೀರು ಎದೆಯನ್ನೆಲ್ಲ ಒದ್ದೆ ಮಾಡಿತು.

ಅವಳೂ ಅವಳಮ್ಮನೂ ಇಬ್ಬರೇ ಇರುವ ಮನೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿಮ್ಮಪ್ಪ ಹೀಗೇ ಕುಡೀತಿದ್ರು," ಅಂದಳು.

ಚೊಂಬು ಬಾಯಿಯ ಹತ್ತಿರವೇ ನಿಂತಿತು.

ಅಪ್ಪ ಗೋಡೌನಿನ ಕಾವಲುಗಾರನಾಗಿದ್ದ. ಕೊಡಗಟ್ಟಲೆ ನೀರು ಕುಡಿಯುವವನು, ಗೇಟು ಬಿಟ್ಟು ಮೂತ್ರಕ್ಕೆಂದು ಗೋಡೆಯ ಮೂಲೆಗೆ ಓಡುವವನು, ಕೂತಲ್ಲೇ ತೂಕಡಿಸುವವನು. ಆ ಗೋಡೆಯ ಮೂಲೆಗೆ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು. ಅದನ್ನು ನೋಡಿ ನಕ್ಕವರು ಬಹಳ, ಕೇಳಿದವರು ಯಾರೂ ಇಲ್ಲ. ಸೋಮಾರಿ ಎಂದು ಮಾಲೀಕ ಕೆಲಸದಿಂದ ತೆಗೆದ. ಸೋಮಾರಿ ಎಂದು ಮನೆಯಲ್ಲೂ ಅಂದರು. ಕೊನೆಗೆ ಕಾಲಿನ ಹುಣ್ಣು ಕೊಳೆತು ಆಸ್ಪತ್ರೆಗೆ ಎತ್ತಿಕೊಂಡು ಹೋದಾಗಲೇ ಅದು ಸಕ್ಕರೆ ಕಾಯಿಲೆ ಎಂದು ತಿಳಿದದ್ದು.

"ಇಷ್ಟು ವರ್ಷ ಏನು ಮಾಡ್ತಿದ್ರಿ ಅಂತ ಡಾಕ್ಟ್ರು ಕೇಳಿದ್ರು ನನ್ನ," ಅಮ್ಮ ಸೆರಗಿನ ತುದಿ ಹಿಂಡುತ್ತ ಹೇಳಿದಳು. "ಬೈತಿದ್ವಿ ಅಂತ ಹೇಳೋಕಾಗುತ್ತಾ?"

"ನಾಳೆ ಹೋಗಿ ತೋರಿಸ್ಕೊಂಡು ಬರ್ತೀನಿ."

"ಬೇಡ." ಅಮ್ಮನ ದನಿ ಗಟ್ಟಿಯಾಯಿತು. "ನೀರು ಜಾಸ್ತಿ ಕುಡೀತಾಳೆ ಅಂತ ಯಾರೂ ಕೆಲಸದಿಂದ ತೆಗೆಯಲ್ಲ. ಕಾಯಿಲೆಯವಳು ಅಂತ ಗೊತ್ತಾದ್ರೆ ತೆಗೀತಾರೆ. ಇಸ್ತ್ರಿ ವಿಭಾಗದವಳು ತಲೆ ಸುತ್ತಿ ಬಿದ್ಲಲ್ಲ, ಏನಾಯ್ತು ಅವಳದು? ಮನೇಲಿ ಆರಾಮಾಗಿರಮ್ಮ ಅಂದ್ರು. ಇದ್ದಾಳಲ್ಲ ಈಗ, ಆರಾಮಾಗಿ."

"ಅಪ್ಪನ್ನ ಕಾಯಿಲೆಯವನು ಅಂತ ತೆಗೀಲಿಲ್ಲ ಅಮ್ಮ. ಸೋಮಾರಿ ಅಂತ ತೆಗೆದ್ರು. ಹೇಗಿದ್ರೂ ತೆಗೀತಾರೆ. ಯಾತಕ್ಕೆ ಅಂತ ನನಗಾದ್ರೂ ಗೊತ್ತಿರಲಿ."

ಅಮ್ಮ ಒಳಗೆ ಬಂದಳು. ಚೊಂಬನ್ನು ಅವಳ ಕೈಯಿಂದ ತೆಗೆದುಕೊಂಡು, ನಲ್ಲಿಯ ಕೆಳಗೆ ಹಿಡಿದು, ತುಂಬಿಸಿ ಕೊಟ್ಟಳು.

ಆರೋಗ್ಯ ಕೇಂದ್ರದಲ್ಲಿ ರಕ್ತ ನೋಡುವುದು ಬೆಳಗ್ಗೆ ಮಾತ್ರ. ಕಾರ್ಖಾನೆಯವರು ಬೆಳಗ್ಗೆ ಗೇಟು ಹಾಕಿದರೆ ತೆರೆಯುವುದು ಸಂಜೆಯೇ. ದುಡಿಯುವವರಿಗೆ ಬರುವ ಕಾಯಿಲೆಗೆ ದುಡಿಯುವ ಹೊತ್ತಿನಲ್ಲೇ ಬಾಗಿಲು ತೆರೆಯುವ ಜಾಗ. ಮರುದಿನ ಅವಳು ಏಪ್ರನ್ ಕಟ್ಟಿಕೊಂಡು ಮೊದಲು ಸೂಪರ್‌ವೈಸರನ ಮುಂದೆಯೇ ನಿಂತಳು.

"ಸರ್, ಅರ್ಧ ದಿನ ರಜೆ ಬೇಕು. ಆರೋಗ್ಯ ಕೇಂದ್ರಕ್ಕೆ ಹೋಗಬೇಕು."

ಅವನು ತಲೆಯೆತ್ತಲಿಲ್ಲ. "ಜ್ವರವಾ?"

"ಇಲ್ಲ."

"ನೋವಾ?"

"ಇಲ್ಲ. ಬಾಯಾರಿಕೆ."

ಈಗ ತಲೆಯೆತ್ತಿದ. ಲೈನಿಗೆಲ್ಲ ಕೇಳುವಂತೆ ನಕ್ಕ. "ಬಾಯಾರಿಕೆಗೆ ರಜೆ. ನಾಳೆ ಹಸಿವಿಗೆ ಕೇಳ್ತೀಯ. ಹೋಗು, ಕೂತ್ಕೋ. ಇವತ್ತು ಊಟದ ತನಕ ನಿನಗೆ ಬಿಲ್ಲೆಯೂ ಇಲ್ಲ."

ಅವಳು ಕೂರಲಿಲ್ಲ. ಅವನ ಕುರ್ಚಿಯ ಹಿಂದೆ ಹೋಗಿ, ಮೊಳೆಯಿಂದ ಬಿಲ್ಲೆ ತೆಗೆದು, ಕೊರಳಿಗೆ ಹಾಕಿಕೊಂಡಳು. "ಏಯ್" ಎಂದ. ನಲವತ್ತು ಮೇಜುಗಳ ಕೈಗಳು ಒಟ್ಟಿಗೆ ನಿಂತವು. ಅವಳು ನಡೆದಳು. ಶೌಚಾಲಯದ ಬಾಗಿಲಿಗೆ ಬಂದಳು, ಅದನ್ನೂ ದಾಟಿದಳು. ನೂಲಿನ ಉಂಡೆಗಳ ಕೋಣೆ ದಾಟಿ ಅಂಗಳಕ್ಕಿಳಿದು ಗೇಟಿನ ಮುಂದೆ ನಿಂತಳು.

ಗೇಟಿನ ಮುದುಕ ಬಿಲ್ಲೆಯನ್ನು ನೋಡಿದ, ಅವಳನ್ನು ನೋಡಿದ. "ಇದನ್ನ ಹಾಕ್ಕೊಂಡು ಎಲ್ಲಿಗಮ್ಮ?"

"ಹೋಗೋ ಜಾಗಕ್ಕೇ. ಇವತ್ತು ಸ್ವಲ್ಪ ದೂರ ಇದೆ."

ಮುದುಕ ಬೀಗ ತೆರೆದು, ಆಕಾಶ ನೋಡುತ್ತ ನಿಂತ.

ಆರೋಗ್ಯ ಕೇಂದ್ರದ ಬೆಂಚಿನಲ್ಲಿ ಅವಳ ಸರದಿ ಬಂದಾಗ ನರ್ಸು ಬೆರಳು ಕೇಳಿದಳು. ಹೆಬ್ಬೆರಳನ್ನು ನೋಡಿ, ಅದನ್ನು ಬಿಟ್ಟು ಉಂಗುರ ಬೆರಳನ್ನು ಹಿಡಿದುಕೊಂಡಳು. ಚುಚ್ಚಿದಳು. ಒಂದು ಹನಿ ರಕ್ತವನ್ನು ಪರೀಕ್ಷೆಯ ಪಟ್ಟಿ ಒಳಗೆ ಹೀರಿಕೊಂಡಿತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ ಕೆಲವು ಕ್ಷಣ ಸುಮ್ಮನಿದ್ದು ಒಂದು ಸಂಖ್ಯೆ ತೋರಿಸಿತು.

"ಮುನ್ನೂರ ಎಂಬತ್ತಾರು," ನರ್ಸು ಹೇಳಿದಳು. "ಬೆಳಗ್ಗೆ ಏನು ತಿಂದ್ರಿ?"

"ಎರಡು ತುಂಡು ಬ್ರೆಡ್ಡು."

"ಏನು ತಿಂದಿದ್ರೂ ಇಷ್ಟು ಬರಬಾರದು. ಬಾಯಾರಿಕೆ ಇದೆಯಾ? ಕಣ್ಣು ಮಂಜಾಗುತ್ತಾ? ತೂಕ ಇಳಿದಿದೆಯಾ?"

ಪ್ರತಿಯೊಂದಕ್ಕೂ ಅವಳು ಹೌದು ಎಂದಳು. ಹೌದು ಎನ್ನುತ್ತಾ ಹೋದಂತೆ ಅವಳಿಗೆ ಭಯವಾಗಬೇಕಿತ್ತು. ಆಗಿದ್ದು ಬೇರೆ. ತಿಂಗಳುಗಟ್ಟಲೆ ಅವಳನ್ನು ಮೈಗಳ್ಳಿ ಎನಿಸಿದ್ದ ಒಂದೊಂದು ಲಕ್ಷಣವನ್ನೂ ಈ ಹೆಂಗಸು ಹೆಸರು ಹಿಡಿದು ಕೂಗುತ್ತಿದ್ದಳು, ಅವು ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದವು. ಗೋಡೆಯ ಮೂಲೆಯ ಇರುವೆಗಳೂ ಸಾಲಾಗಿ ಬಂದು ಸಾಕ್ಷಿ ಹೇಳಿದವು.

"ಸಕ್ಕರೆ ಕಾಯಿಲೆ," ನರ್ಸು ಹೇಳಿದಳು. "ಮೂತ್ರ ಕೊಡಿ, ಅದನ್ನೂ ನೋಡಿ ಡಾಕ್ಟ್ರು ಮಾತ್ರೆ ಬರೀತಾರೆ. ನಾಳೆ ಖಾಲಿ ಹೊಟ್ಟೇಲಿ ಬಂದು ಇನ್ನೊಮ್ಮೆ ರಕ್ತ ಕೊಡಿ. ಹೋಗೋ ಕಾಯಿಲೆ ಅಲ್ಲ ಇದು, ಆದ್ರೆ ಹಿಡಿತದಲ್ಲಿ ಇಟ್ಕೋಬಹುದು. ನೀರು ಚೆನ್ನಾಗಿ ಕುಡೀತಿದೀರಿ ತಾನೆ?"

"ಇಲ್ಲ. ಕೆಲಸದ ಹೊತ್ತಲ್ಲಿ ಬಿಟ್ಟಿದ್ದೀನಿ."

ನರ್ಸಿನ ಕೈ ನಿಂತಿತು. "ಬಿಟ್ಟಿದ್ದೀರಾ? ಸಕ್ಕರೆ ಇಷ್ಟಿರುವಾಗ ನೀರು ಬಿಟ್ರೆ ಮೈ ಒಣಗಿ ಬೀಳ್ತೀರಿ. ಎದ್ದೇಳದ ಹಾಗೆ ಬೀಳ್ತೀರಿ. ಯಾರು ಬಿಡೋಕೆ ಹೇಳಿದ್ದು?"

ಅವಳು ಬಿಲ್ಲೆಯನ್ನು ಮುಟ್ಟಿದಳು. ಆಗಲೇ ಅವಳಿಗೆ ಹೊಳೆದದ್ದು, ಅದು ಇನ್ನೂ ತನ್ನ ಕೊರಳಲ್ಲೇ ಇದೆ. ಅಲ್ಲಿ ನಲವತ್ತು ಹೆಂಗಸರು, ಮೊಳೆ ಖಾಲಿ. ಯಾರಿಗೂ ಎದ್ದೇಳುವಂತಿಲ್ಲ. ತನ್ನ ಬಾಯಾರಿಕೆಯ ಅವಸರದಲ್ಲಿ ಎಲ್ಲರ ಬಿಲ್ಲೆಯನ್ನೂ ಹೊತ್ತು ತಂದುಬಿಟ್ಟಿದ್ದಳು. ರೇಡಿಯೋ ಇನ್ನು ಮಾತಾಡಿಸಲಾರಳು. ಯಾರೂ ಮಾತಾಡಿಸಲಾರರು.

"ಅದೇನದು ಕೊರಳಲ್ಲಿ?"

ಅವಳು ಹೇಳಿದಳು. ನರ್ಸು ಬಿಲ್ಲೆಯನ್ನು ತಿರುಗಿಸಿ ನೋಡಿ, ಬಿಟ್ಟು, ಎದ್ದು ಹೋಗಿ ದೊಡ್ಡ ಲೋಟದಲ್ಲಿ ನೀರು ತಂದಳು. ಅವಳು ಅದನ್ನು ಬೆಂಚಿನ ಮೇಲೆ ಕೂತು, ಎಲ್ಲರೆದುರು, ನಿಧಾನವಾಗಿ ಕುಡಿದಳು.

ಪರೀಕ್ಷೆ ಮುಗಿಸಿ ಮಾತ್ರೆ ತೆಗೆದುಕೊಂಡು ಕಾರ್ಖಾನೆಗೆ ಬರುವಾಗ ಹೆಜ್ಜೆ ಭಾರವಾಗಿತ್ತು. ಸೂಪರ್‌ವೈಸರನಿಗೆ ಏನು ಹೇಳಬೇಕೆಂದು ಗೊತ್ತಿತ್ತು. ಲೈನಿಗೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಗೇಟಿನ ಮುದುಕ ಬೀಗ ತೆರೆಯುತ್ತ, "ಹೋಗು, ಒಳಗೆ ನಿಂದೇ ಕಾರುಬಾರು," ಅಂದ.

ಒಳಗೆ ಯಂತ್ರಗಳು ಓಡುತ್ತಿದ್ದವು. ಕಂಬದ ಮೊಳೆ ಖಾಲಿಯಾಗಿರಲಿಲ್ಲ. ಬಿಲ್ಲೆಯ ಜಾಗದಲ್ಲಿ ಲೈನಿನವರು ಸಿಕ್ಕಿಸಿದ ಒಂಟಿ ಕಾಲುಚೀಲ ನೇತಾಡುತ್ತಿತ್ತು, ಮಗುವಿನದು, ಜೊತೆ ಸಿಗದ್ದು. ಅದರ ಕೆಳಗೆ ಸೂಪರ್‌ವೈಸರ್ ಕೆಂಪಗಾಗಿ ನಿಂತಿದ್ದ. ಅವನೆದುರಿಗೇ ಇಬ್ಬರು ಹೆಂಗಸರು ಬರಿಗೊರಳಲ್ಲಿ ಶೌಚಾಲಯದಿಂದ ಬಂದು ಕೂತರು. ಅವರು ಕೂತದ್ದೇ ತಡ, ಕೊನೆಯ ಮೇಜಿನವಳು ಎದ್ದು ಹೊರಟಳು.

"ಬಿಲ್ಲೆ ಕೊಡು," ಅವನು ಕೈ ಚಾಚಿದ.

"ಸಕ್ಕರೆ ಕಾಯಿಲೆ ಸರ್. ಮುನ್ನೂರ ಎಂಬತ್ತಾರು." ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. "ನೀರು ಕುಡೀತೀನಿ. ಬೇಕಾದಾಗ ಹೋಗ್ತೀನಿ. ನಾಳೆ ಬರೋದು ತಡವಾಗುತ್ತೆ, ಖಾಲಿ ಹೊಟ್ಟೇಲಿ ರಕ್ತ ಕೊಡಬೇಕು."

"ನಾಳೆ ನೀನು ಬರೋದೇ ಬೇಡ ಅಂತ ಆಫೀಸಲ್ಲಿ ಹೇಳಿದ್ರೆ?"

"ಸೋಮಾರಿ ಅಂತ ಹೇಳೋ ಹಾಗಿಲ್ಲ. ಬೇರೆ ಕಾರಣ ಹುಡುಕಿ ಇಡೋಕೆ ಹೇಳಿ. ಬಂದು ಕೇಳಿಸ್ಕೋತೀನಿ."

"ನಾವೂ ಬರ್ತೀವಿ ಕೇಳಿಸ್ಕೊಳ್ಳೋಕೆ," ರೇಡಿಯೋ ತನ್ನ ರಾಶಿಯಿಂದ ತಲೆಯೆತ್ತದೆ ಹೇಳಿದಳು. "ನನಗೂ ಬಾಯಾರಿಕೆ ಜಾಸ್ತಿ ಇದೆ ಇತ್ತೀಚೆಗೆ. ಮಾತು ಜಾಸ್ತಿ ಆಯ್ತು ಅಂತ ತಿಳ್ಕೊಂಡಿದ್ದೆ. ನಾಳೆ ನಿನ್ನ ಜೊತೆ ಬಂದು ನಾನೂ ತೋರಿಸ್ಕೋತೀನಿ."

ಯಾರೋ ನಕ್ಕರು. ಈ ನಗುವಿನಲ್ಲಿ ಮುಳ್ಳಿರಲಿಲ್ಲ.

ಅವಳು ಬಿಲ್ಲೆಯನ್ನು ತೆಗೆದು ಚಾಚಿದ ಕೈಯಲ್ಲಿಟ್ಟಳು. ಅವನು ಅದನ್ನು ಹಿಡಿದು ಮೊಳೆಯತ್ತ ತಿರುಗಿದ. ಮೊಳೆಯಲ್ಲಿ ಕಾಲುಚೀಲ ಇತ್ತು. ಅದನ್ನು ತೆಗೆಯಲು ಕೈಯೆತ್ತಿದ, ನಲವತ್ತು ಮೇಜುಗಳು ತನ್ನನ್ನೇ ನೋಡುತ್ತಿರುವುದನ್ನು ಕಂಡು ಕೈ ಇಳಿಸಿದ. ಬಿಲ್ಲೆ ಅವನ ಬೆರಳಿನಿಂದ ನೇತಾಡುತ್ತಿತ್ತು.

ಅವಳು ಮೇಜಿಗೆ ಬಂದು ಬಾಟಲಿಯನ್ನು ಚೀಲದಿಂದ ತೆಗೆದು ರಾಶಿಯ ಪಕ್ಕದಲ್ಲೇ ಇಟ್ಟಳು. ಒಂದು ಕಾಲುಚೀಲ ಎತ್ತಿಕೊಂಡಳು. ಬೆಳಕಿಗೆ ಹಿಡಿದಳು. ಅಂಚು ಮಂಜುಮಂಜು, ಬಣ್ಣ ಯಾವುದೆಂದು ತಿಳಿಯಲಿಲ್ಲ.

"ನೀಲಿ," ಪಕ್ಕದಿಂದ ರೇಡಿಯೋ ಹೇಳಿದಳು.

ಅವಳು ಇನ್ನೊಂದನ್ನು ಎತ್ತಿದಳು.

"ಕಪ್ಪು."

ಇನ್ನೊಂದು.

"ನೀಲಿ. ಹಾಂ, ಇದು ಅದರದ್ದೇ."

ಅವಳು ಎರಡನ್ನೂ ಹಾಸಿ, ಹಿಮ್ಮಡಿಯ ಮೇಲೆ ಹಿಮ್ಮಡಿ ಕೂರಿಸಿ ಪಕ್ಕಕ್ಕಿಟ್ಟು, ಬಾಟಲಿಯ ಮುಚ್ಚಳ ತಿರುಗಿಸಿದಳು.